ಹದಿಮೂರು ಮಕ್ಕಳ ಶಾಲೆಯ ಶೇಕಡಾ ಲೆಕ್ಕ

ಪ್ರಶ್ನೆ: ವಿರಾಜಪೇಟೆ ಕಡೆಯ ಹಳ್ಳಿಯವನು ನಾನು, ಸಣ್ಣ ಕಾಫಿ ತೋಟ ಇದೆ. ಮಗಳು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ತರಗತಿ, ಕನ್ನಡ ಮಾಧ್ಯಮ. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ ಕೂಡ. ನಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು 2023ರಲ್ಲಿ 13ಕ್ಕೆ 13, 2024ರಲ್ಲಿ 12ಕ್ಕೆ 11, 2025ರ ಪರೀಕ್ಷೆ-1ರಲ್ಲಿ 13ಕ್ಕೆ 9. ನೂರರಿಂದ ಅರವತ್ತೊಂಬತ್ತಕ್ಕೆ ಬಿತ್ತು ಎಂದು ಊರೆಲ್ಲ ಮಾತು. ಜಿಲ್ಲೆಯೂ 88.67ರಿಂದ 82.21ಕ್ಕೆ ಇಳಿದಿದೆ. ಯುಡೈಸ್ (ದೇಶದ ಶಾಲೆಗಳ ವಾರ್ಷಿಕ ಗಣತಿ) ಲೆಕ್ಕದಲ್ಲಿ ನಮ್ಮ ಶಾಲೆ ಬಿಟ್ಟವರು ಮೂವರು ಅಂತೆ, ಊರಲ್ಲಿ ಹುಡುಕಿದರೆ ಅಂಥವರು ಒಬ್ಬರೂ ಕಾಣುವುದಿಲ್ಲ. ಪೇಟೆಯ ಖಾಸಗಿ ಶಾಲೆಯಲ್ಲಿ ವರ್ಷಕ್ಕೆ ಸುಮಾರು 40 ಮಕ್ಕಳು, ಐದು ವರ್ಷದಿಂದ ನೂರಕ್ಕೆ ನೂರು ಎಂದು ಬ್ಯಾನರ್ ಹಾಕಿದ್ದಾರೆ. ಕೇಂದ್ರದ ಸರ್ವೇ ನಮ್ಮ ಶಾಲೆಗೆ ಎಷ್ಟು ಅಂಕ ಕೊಟ್ಟಿದೆ ಎಂದು ಎಲ್ಲಿ ನೋಡುವುದು? ಮಗಳನ್ನು ಬಿಡಿಸಿ ಪೇಟೆಗೆ ಕಳಿಸಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಬೇರೆ ಬೇರೆ ಕಡೆಯ ಐದು ಲೆಕ್ಕಗಳಿವೆ. ಶಾಲೆಯ ಫಲಿತಾಂಶ, ಜಿಲ್ಲೆಯ ಫಲಿತಾಂಶ, ಯುಡೈಸ್, ಬ್ಯಾನರ್, ಕೇಂದ್ರದ ಸರ್ವೇ. ಐದೂ ಒಂದೇ ಕಥೆ ಹೇಳುತ್ತಿವೆ ಎಂಬ ಭಾವನೆಯಿಂದ ಗಾಬರಿ ಹುಟ್ಟಿದೆ. ಆದರೆ ಒಂದೊಂದೂ ಅಳೆಯುವುದು ಒಂದೊಂದನ್ನು.

ಮೊದಲು ಜಿಲ್ಲೆಯ ಅಂಕಿ ನೋಡೋಣ, ಅದು ಸುಲಭ. 2024ರಲ್ಲಿ ಕೃಪಾಂಕವನ್ನು, ಅಂದರೆ ಪಾಸಾಗಲು ಸೇರಿಸಿ ಕೊಡುವ ಅಂಕವನ್ನು, ಶೇ. 10ರಿಂದ 20ಕ್ಕೆ ಏರಿಸಿದ್ದರು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ಫಲಿತಾಂಶ ದಿಢೀರನೆ ಕುಸಿದಿದ್ದಕ್ಕೆ ಮಾಡಿದ ಒಂದು ವರ್ಷದ ಏರ್ಪಾಡು ಅದು. 2025ರಲ್ಲಿ ಕೃಪಾಂಕ ತೆಗೆದರು. ಹಾಗಾಗಿ ಇಡೀ ರಾಜ್ಯದ ಅಂಕಿ 73.40ರಿಂದ 62.34ಕ್ಕೆ ಬಿತ್ತು. ಕೆಲವು ಕಡೆ ನೀವು 66.14 ಎಂದೂ ಓದಿರಬಹುದು. ಅದು ತಪ್ಪಲ್ಲ, ಶಾಲೆಯಿಂದ ಮೊದಲ ಸಲ ಬರೆದ ಮಕ್ಕಳನ್ನು ಮಾತ್ರ ಎಣಿಸಿದರೆ ಬರುವ ಅಂಕಿ. ಮರಳಿ ಬರೆದವರು, ಖಾಸಗಿಯಾಗಿ ಕಟ್ಟಿದವರು ಸೇರಿದರೆ 62.34. ಪರೀಕ್ಷೆ ಒಂದೇ, ಭಾಗಿಸಿದ ಸಂಖ್ಯೆ ಬೇರೆ. ಎರಡರಲ್ಲಿ ಯಾವುದನ್ನು ಹಿಡಿದರೂ ರಾಜ್ಯ ಇಳಿದಷ್ಟು ಕೊಡಗು ಇಳಿದಿಲ್ಲ. ಜಿಲ್ಲೆಗಳ ಪಟ್ಟಿಯಲ್ಲಿ ನಾಲ್ಕರಿಂದ ಐದಕ್ಕೆ ಬಂದಿದೆ, ಅಷ್ಟೇ. ಐದನೇ ಸ್ಥಾನಕ್ಕೂ ನಾಲ್ಕನೆಯ ಶಿವಮೊಗ್ಗಕ್ಕೂ ನಡುವೆ ಇದ್ದದ್ದು 0.08. ಇಂಥ ಅಂತರಕ್ಕೆ ರ‍್ಯಾಂಕ್ ಕೊಡುವುದೇ ನನ್ನ ಮಟ್ಟಿಗೆ ದಂಡ.

ಇದೇ ಕಾರಣಕ್ಕೆ ಎಸ್ಸೆಸ್ಸೆಲ್ಸಿಯ ಹತ್ತು ವರ್ಷದ ಅಂಕಿಗಳನ್ನು ಸಾಲಾಗಿ ಬರೆದು ಗೆರೆ ಎಳೆಯಬಾರದು. 2021ರಲ್ಲಿ ಕೊರೊನಾ ಕಾರಣ ಎರಡೇ ದಿನ, ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ. ಹೆಚ್ಚುಕಡಿಮೆ ಎಲ್ಲರೂ ಪಾಸು. 2024ರಿಂದ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ. 2025-26ರಿಂದ ಪಾಸಿನ ಮಿತಿಯೇ ಇಳಿದಿದೆ: 625ಕ್ಕೆ 206, ಅಂದರೆ ಶೇ. 33, ಜೊತೆಗೆ ಪ್ರತಿ ವಿಷಯದಲ್ಲಿ ಕನಿಷ್ಠ 30. ಆದ್ದರಿಂದ 2026ರ ಫಲಿತಾಂಶ 2025ಕ್ಕಿಂತ ಮೇಲೆ ಕಂಡರೆ ಅದನ್ನು ಶಿಕ್ಷಕರ ಸಾಧನೆ ಎಂದು ಹಾರ ಹಾಕುವುದೂ ಬೇಡ. ಹೋಲಿಸಲೇಬೇಕಾದರೆ ಅದೇ ವರ್ಷದ ಜಿಲ್ಲೆಯ ಅಂಕಿಯ ಜೊತೆ ನಿಮ್ಮ ಶಾಲೆಯ ಅಂಕಿ ಇಟ್ಟು ನೋಡಿ. ಅಳತೆಗೋಲು ಇಬ್ಬರಿಗೂ ಒಂದೇ ಆಗಿರುತ್ತದೆ.

ಈಗ ನಿಮ್ಮ ಶಾಲೆ. ನಿಜವಾದ ಗೊಂದಲ ಇರುವುದು ಇಲ್ಲಿ.

ಹದಿಮೂರು ಮಕ್ಕಳಲ್ಲಿ ಒಬ್ಬ ಫೇಲಾದರೆ 7.7 ಶೇಕಡಾ ಹೋಯಿತು. ಪರೀಕ್ಷೆಯ ದಿನ ಒಬ್ಬಳಿಗೆ ಜ್ವರ, ಇನ್ನೊಬ್ಬ ಎರಡು ಅಂಕಕ್ಕೆ ಗಣಿತದಲ್ಲಿ ನಿಂತ. ಶಾಲೆ 100ರಿಂದ 85ಕ್ಕೆ ಇಳಿದಾಯಿತು. ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ಶಾಲೆಯ ಪ್ರತಿ ಮಗುವಿಗೂ ಪಾಸಾಗುವ ಸಾಧ್ಯತೆ ಶೇ. 85 ಎಂದಿಟ್ಟುಕೊಳ್ಳಿ. ವರ್ಷದಿಂದ ವರ್ಷಕ್ಕೆ ಪಾಠ, ಶಿಕ್ಷಕರು, ಮಕ್ಕಳ ಮಟ್ಟ ಏನೂ ಬದಲಾಗಿಲ್ಲ ಎಂದೂ ಇಟ್ಟುಕೊಳ್ಳಿ. ಹದಿಮೂರಕ್ಕೆ ಹದಿಮೂರೂ ಪಾಸಾಗಬೇಕಾದರೆ 0.85ನ್ನು ಹದಿಮೂರು ಸಲ ಗುಣಿಸಬೇಕು. ಬರುವುದು 0.12, ಹತ್ತಿರ ಹತ್ತಿರ ಎಂಟು ವರ್ಷಕ್ಕೊಮ್ಮೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಫೇಲಾಗುವ ಸಾಧ್ಯತೆಯೂ ಲೆಕ್ಕ ಹಾಕಿದರೆ 0.12, ಅದೂ ಎಂಟು ವರ್ಷಕ್ಕೊಮ್ಮೆ. ಏನೇನೂ ಬದಲಾಗದ ಶಾಲೆಯೊಂದು ಎಂಟು ವರ್ಷದಲ್ಲಿ ಒಮ್ಮೆ ನೂರು ತೆಗೆದು ಸನ್ಮಾನ ಮಾಡಿಸಿಕೊಳ್ಳುತ್ತದೆ, ಇನ್ನೊಮ್ಮೆ ಎಪ್ಪತ್ತರ ಕೆಳಗೆ ಹೋಗಿ ನೋಟಿಸ್ ತೆಗೆದುಕೊಳ್ಳುತ್ತದೆ. ಅದೇ 130 ಮಕ್ಕಳ ಶಾಲೆಯಾದರೆ ಹೆಚ್ಚಿನ ವರ್ಷ 79ರಿಂದ 91ರ ಒಳಗೇ ಓಲಾಡುತ್ತದೆ.

ನಿಮಗಿದು ಹೊಸತಲ್ಲ. ಚೀಲಗಟ್ಟಲೆ ಚೆರ್ರಿ ಮಾರಲು ಹೋದಾಗ ವ್ಯಾಪಾರಿ ಹತ್ತೇ ಕಾಯಿ ಸುಲಿದು ಔಟ್‌ಟರ್ನ್ (ಕಾಯಿಯಿಂದ ಸಿಗುವ ಬೀಜದ ಪ್ರಮಾಣ) ಇಷ್ಟೇ ಎಂದರೆ ನೀವು ಒಪ್ಪುತ್ತೀರಾ? ನಾಲ್ಕು ಚೀಲದಿಂದ ತೆಗೆದು ಬೆರೆಸಿ ನೋಡು ಎನ್ನುತ್ತೀರಿ. ಶಾಲೆಗೂ ಹಾಗೇ ಮಾಡಿ. ಮೂರು ವರ್ಷ ಬೆರೆಸಿದರೆ 38ಕ್ಕೆ 33, ಅಂದರೆ 86.8. ಇದರಲ್ಲೂ ಆಚೀಚೆ ಹತ್ತರಷ್ಟು ತೂಗಾಟ ಉಂಟು, ಮೂರು ವರ್ಷದ ಕೃಪಾಂಕದ ನಿಯಮ ಬೇರೆ ಬೇರೆ ಎಂಬ ಕೊರತೆಯೂ ಉಂಟು. ಆದರೂ 69ಕ್ಕಿಂತ ಈ ಅಂಕಿ ನಂಬಿಕೆಗೆ ಯೋಗ್ಯ.

ಹಾಗೆಂದು ಎಲ್ಲವೂ ಆಕಸ್ಮಿಕ ಎಂದು ಕೈತೊಳೆದುಕೊಳ್ಳಬೇಡಿ. ಮೇಲಿನ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ಒಬ್ಬನ ಫೇಲಿಗೂ ಇನ್ನೊಬ್ಬನ ಫೇಲಿಗೂ ಸಂಬಂಧವಿಲ್ಲ ಎಂಬುದು. ಗಣಿತಕ್ಕೆ ಅತಿಥಿ ಶಿಕ್ಷಕರು ಬಂದದ್ದೇ ತಡವಾದರೆ ಅದರ ಪೆಟ್ಟು ಹದಿಮೂರು ಮಕ್ಕಳಿಗೂ ಒಟ್ಟಿಗೇ ಬೀಳುತ್ತದೆ. ಶೇಕಡಾವಾರು ನೋಡಿ ಇದನ್ನು ಕಂಡುಹಿಡಿಯಲು ಆಗದು, ಅಂಕಪಟ್ಟಿ ನೋಡಬೇಕು. ಮುಖ್ಯಶಿಕ್ಷಕರ ಬಳಿ ಮೂರು ವರ್ಷದ ವಿಷಯವಾರು ಅಂಕಗಳಿರುತ್ತವೆ. ಮಕ್ಕಳ ಹೆಸರು ಬಿಟ್ಟು ಅಂಕ ಮಾತ್ರ ಸಭೆಯ ಮುಂದಿಡಲು ಕೇಳಿ. ಆಂತರಿಕ ಅಂಕ ಬದಿಗಿಟ್ಟು ಬರೆಹದ ಅಂಕ ಮಾತ್ರ ತೆಗೆದುಕೊಳ್ಳಿ. ಪ್ರಥಮ ಭಾಷೆಗೆ 100, ಉಳಿದವಕ್ಕೆ 80. ಆಂತರಿಕ 20 (ಪ್ರಥಮ ಭಾಷೆಗೆ 25) ಬಹುತೇಕ ಎಲ್ಲ ಮಕ್ಕಳಿಗೂ ಹತ್ತಿರ ಹತ್ತಿರ ಒಂದೇ ಇರುವುದರಿಂದ ಅದರಿಂದ ಏನೂ ತಿಳಿಯದು. ಪ್ರತಿ ವಿಷಯದ ಸರಾಸರಿಯನ್ನೂ ಅತ್ಯಂತ ಕೆಳಗಿನ ಮೂವರ ಅಂಕವನ್ನೂ ಬರೆದುಕೊಳ್ಳಿ. ಒಂದೇ ವಿಷಯ ಮೂರು ವರ್ಷವೂ ಕೆಳಗಿದ್ದರೆ ಅದು ಆಕಸ್ಮಿಕವಲ್ಲ. ನಾಲ್ವರು ನಾಲ್ಕು ಬೇರೆ ವಿಷಯದಲ್ಲಿ ನಿಂತಿದ್ದರೆ, ಅದೂ ಒಂದೆರಡು ಅಂಕಕ್ಕೆ, ಶಾಲೆಯನ್ನು ದೂರುವಂಥದ್ದು ಅಲ್ಲಿ ಕಡಿಮೆ.

ಯುಡೈಸ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಸ್‌ಡಿಎಂಸಿ ಸದಸ್ಯರಾಗಿ ನೀವು ಕೈಹಾಕಿ ಸರಿಪಡಿಸಬಹುದಾದ ಲೆಕ್ಕ ಇದೊಂದೇ. ಯುಡೈಸ್ ಕಲಿಕೆಯನ್ನು ಅಳೆಯುವುದೇ ಇಲ್ಲ. ತಲೆ ಎಣಿಸುತ್ತದೆ, ಕೊಠಡಿ, ಶೌಚಾಲಯ, ಶಿಕ್ಷಕರನ್ನು ಎಣಿಸುತ್ತದೆ. ಪ್ರತಿ ಶಾಲೆಗೂ 11 ಅಂಕಿಯ ಸಂಕೇತ ಇದೆ, ಕರ್ನಾಟಕದ್ದು 29ರಿಂದ ಶುರು. ಲೆಕ್ಕದ ದಿನ ಸೆಪ್ಟೆಂಬರ್ 30. 2022-23ಕ್ಕೆ ಮೊದಲು ಶಾಲೆಗಳು ತರಗತಿವಾರು ಒಟ್ಟು ಸಂಖ್ಯೆ ಕೊಡುತ್ತಿದ್ದವು. ಆಮೇಲೆ ಒಂದೊಂದು ಮಗುವಿನ ವಿವರ ಪ್ರತ್ಯೇಕವಾಗಿ ಹೋಗುತ್ತದೆ, ಪ್ರತಿ ಮಗುವಿಗೂ ಒಂದು ಪೆನ್ ಸಂಖ್ಯೆ, ಅಂದರೆ ಶಾಶ್ವತ ಶಿಕ್ಷಣ ಸಂಖ್ಯೆ, ಬರುತ್ತದೆ. ಎರಡು ಶಾಲೆಯಲ್ಲಿ ಹೆಸರಿದ್ದವರು ಒಂದೇ ಆದರು. ಆ ವರ್ಷದ ಸುಮಾರಿಗೆ ದೇಶದಾದ್ಯಂತ ದಾಖಲಾತಿ ಇಳಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಹಳೆಯ ಅಂಕಿಯನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ಮಕ್ಕಳು ಎಲ್ಲಿ ಹೋದರು ಎಂದು ಕೇಳಿದರೆ, ಒಂದಷ್ಟು ಮಕ್ಕಳು ಮೊದಲೇ ಇರಲಿಲ್ಲ ಎಂಬುದೇ ಉತ್ತರ.

ನಿಮ್ಮ ಆ ಮೂವರು ಎಲ್ಲಿ ಹೋದರು? ಒಂದು ಮಗು ಶಾಲೆಯಿಂದ ಹೊರಟು, ಬೇರೆ ಶಾಲೆ ಅದರ ಪೆನ್ ಸಂಖ್ಯೆ ಹಾಕಿ ಸೇರಿಸಿಕೊಳ್ಳುವವರೆಗೆ ಆ ಹೆಸರು ಯುಡೈಸ್‌ನ ‘ಡ್ರಾಪ್‌ಬಾಕ್ಸ್’ ಎಂಬ ಪಟ್ಟಿಯಲ್ಲಿ ತೂಗುತ್ತಿರುತ್ತದೆ. ಅಲ್ಲೇ ಉಳಿದರೆ ಶಾಲೆ ಬಿಟ್ಟ ಮಗು ಎಂದು ಲೆಕ್ಕ. ಕೊಡಗಿನಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು ಆಗುವುದಕ್ಕೆ ಕಾರಣಗಳಿವೆ. ಕುಟುಂಬ ಗಡಿ ದಾಟಿ ಕಣ್ಣೂರಿಗೋ ವಯನಾಡಿಗೋ ಹೋಗಿ ಅಲ್ಲಿ ಮಗುವನ್ನು ಸೇರಿಸಿರುತ್ತದೆ. ಅಲ್ಲಿನ ದಾಖಲೆ ‘ಸಂಪೂರ್ಣ’ ಎಂಬ ತಂತ್ರಾಂಶದಲ್ಲಿ, ನಮ್ಮದು ಕರ್ನಾಟಕದ ಸ್ಯಾಟ್ಸ್ ತಂತ್ರಾಂಶದಲ್ಲಿ. ಟಿ.ಸಿ. ಕಾಗದ ಹೋಗಿರುತ್ತದೆ, ಪೆನ್ ಸಂಖ್ಯೆ ಹೋಗಿರುವುದಿಲ್ಲ. ಇನ್ನೊಂದು ತೋಟದ ಲೈನ್ ಮನೆಗಳದ್ದು. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದ ಕುಟುಂಬಗಳು ಕೊಯ್ಲಿನ ಹೊತ್ತಿಗೆ ಬಂದು, ಮುಗಿದ ಮೇಲೆ ಮರಳುತ್ತವೆ ಅಥವಾ ಇನ್ನೊಂದು ತೋಟಕ್ಕೆ ಹೋಗುತ್ತವೆ. ಸೆಪ್ಟೆಂಬರ್ 30ಕ್ಕೆ ಇಲ್ಲದ ಮಗು ಡಿಸೆಂಬರಿನಲ್ಲಿ ತರಗತಿಯಲ್ಲಿ ಕೂತಿರುತ್ತದೆ, ಪರೀಕ್ಷೆಯ ಹೊತ್ತಿಗೆ ಇರುವುದಿಲ್ಲ. ಒಂದೇ ಮಗು ಎರಡು ರಾಜ್ಯಗಳ ಲೆಕ್ಕದಿಂದಲೂ ಜಾರಿಹೋಗುವುದು ಹೀಗೆ.

ಮಾಡಬೇಕಾದದ್ದು ಸರಳ, ಆದರೆ ಬೇಸರದ ಕೆಲಸ. ಕೈಲ್ ಪೊಳ್ದ್ ಹಬ್ಬ ಮುಗಿಯುತ್ತಿದ್ದಂತೆ, ಅಂದರೆ ಸೆಪ್ಟೆಂಬರ್ ಮೊದಲರ್ಧದಲ್ಲೇ, ಡ್ರಾಪ್‌ಬಾಕ್ಸ್ ಪಟ್ಟಿ ತೆಗೆಸಿ ಸಭೆಯಲ್ಲಿ ಓದಿಸಿ. ಒಂದೊಂದು ಹೆಸರಿನ ಎದುರೂ ಮಗು ಈಗ ಎಲ್ಲಿದೆ ಎಂದು ಬರೆಯಿರಿ. ತೋಟದ ಮಕ್ಕಳಾದರೆ ತೋಟದ ರೈಟರ್‌ಗೆ (ಲೆಕ್ಕ ಬರೆಯುವವರಿಗೆ) ಗೊತ್ತಿರುತ್ತದೆ. ಬೇರೆ ಶಾಲೆಯಲ್ಲಿದ್ದರೆ ಆ ಶಾಲೆಗೆ ಪೆನ್ ಸಂಖ್ಯೆ ಕಳಿಸಿ ಸೇರಿಸಿಕೊಳ್ಳಲು ಹೇಳಿಸಿ. ನಿಜವಾಗಿಯೂ ಮನೆಯಲ್ಲೋ ಕೂಲಿಯಲ್ಲೋ ಇರುವ ಮಗು ಸಿಕ್ಕರೆ ಆಗ ಅದು ಅಂಕಿಯ ವಿಷಯವಲ್ಲ. ಸಿಆರ್‌ಪಿಗೆ (ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಅಂದೇ ತಿಳಿಸಿ.

ದಾಖಲಾತಿ ಇಳಿಯುತ್ತಿದೆ ಎಂದೊಡನೆ ಶಾಲೆ ಕೆಟ್ಟಿದೆ ಎನ್ನುವವರೂ ಇರುತ್ತಾರೆ. 2001ರ ಜನಗಣತಿಯಲ್ಲಿ ಕೊಡಗಿನ ಜನ 5,48,561. ಹತ್ತು ವರ್ಷದ ಮೇಲೆ 5,54,519. ದಶಕಕ್ಕೆ ಶೇ. 1ರಷ್ಟು ಬೆಳೆದ ಜಿಲ್ಲೆಯಲ್ಲಿ ಶಾಲೆ ತುಂಬಲು ಮಕ್ಕಳೇ ಹುಟ್ಟುತ್ತಿಲ್ಲ.

ಕೇಂದ್ರದ ಸರ್ವೇ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017 ಮತ್ತು 2021ರಲ್ಲಿ ರಾಷ್ಟ್ರೀಯ ಸಾಧನಾ ಸಮೀಕ್ಷೆ ಎಂಬ ಹೆಸರಿತ್ತು, 2024ರ ಡಿಸೆಂಬರ್ 4ರಂದು ನಡೆದದ್ದು ಪರಖ್ ರಾಷ್ಟ್ರೀಯ ಸರ್ವೇಕ್ಷಣ. ಕಳೆದ ಬಾರಿ 3, 6, 9ನೇ ತರಗತಿ. ಅದಕ್ಕೆ ಮೊದಲು 3, 5, 8, 10. ತರಗತಿಗಳೇ ಬೇರೆಯಾದ ಮೇಲೆ ಹಿಂದಿಗಿಂತ ಮೇಲೆ, ಕೆಳಗೆ ಎಂಬ ಮಾತಿಗೆ ಆಧಾರ ತೆಳು. ದೇಶದಾದ್ಯಂತ 74 ಸಾವಿರ ಚಿಲ್ಲರೆ ಶಾಲೆಗಳನ್ನು ಆಯ್ದು ಮಾಡಿದ್ದು. ಅದು ಜಿಲ್ಲೆಯ ಮಟ್ಟ ಹೇಳಲೆಂದೇ ರೂಪಿಸಿದ ಮಾದರಿ ಸಮೀಕ್ಷೆ. ನಿಮ್ಮ ಶಾಲೆಗೆ ಎಷ್ಟು ಅಂಕ ಎಂಬುದು ಅದರಲ್ಲಿ ಸಿಗುವುದಿಲ್ಲ. ಸಿಕ್ಕಿತು ಎಂದು ಯಾರಾದರೂ ತೋರಿಸಿದರೆ ನಂಬಬೇಡಿ.

ಇದಕ್ಕಿಂತ ನಿಮಗೆ ಉಪಯೋಗಕ್ಕೆ ಬರುವುದು ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ವಿಧಾನ. ಅದು ಸರ್ಕಾರದ್ದಲ್ಲ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ, ಮನೆಗೇ ಹೋಗಿ ಮಗುವನ್ನು ಪಕ್ಕ ಕೂರಿಸಿಕೊಂಡು ಓದಿಸುತ್ತಾರೆ. ಅಂದು ಶಾಲೆಗೆ ಬಾರದ ಮಗುವೂ ಲೆಕ್ಕಕ್ಕೆ ಸಿಗುತ್ತದೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ವಾಕ್ಯ, ಎರಡನೇ ತರಗತಿ ಮಟ್ಟದ ಸಣ್ಣ ಕಥೆ. ಗಣಿತದಲ್ಲಿ ಅಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಎಸ್‌ಡಿಎಂಸಿಯವರು ಒಂದು ಶನಿವಾರ ಮಧ್ಯಾಹ್ನ ಎಂಟನೇ ತರಗತಿಗೆ ಇದನ್ನು ಮಾಡಬಹುದು. ಬೇರೆ ಮಕ್ಕಳ ಎದುರು ಓದಿಸಬೇಡಿ, ತಪ್ಪಿದಲ್ಲಿ ತಿದ್ದಬೇಡಿ. ಹದಿಮೂರಲ್ಲಿ ಮೂವರು ಭಾಗಾಕಾರದಲ್ಲಿ ನಿಂತರೆ, ಎರಡು ವರ್ಷದ ಮೇಲೆ ಗಣಿತದಲ್ಲಿ ನಿಲ್ಲುವವರು ಯಾರು ಎಂದು ಇವತ್ತೇ ಗೊತ್ತಾಯಿತು. ಎಸ್ಸೆಸ್ಸೆಲ್ಸಿ ಅಂಕಿ ಅದನ್ನು ಹೇಳುವುದು ಕಾಲ ಮಿಂಚಿದ ಮೇಲೆ.

ಇಲ್ಲೊಂದು ಎಚ್ಚರ. ಜಿಲ್ಲೆಯ ಜನರಲ್ಲಿ ನೂರಕ್ಕೆ ಹತ್ತು ಮಂದಿ ಪರಿಶಿಷ್ಟ ಪಂಗಡದವರು. ಹಾಡಿಯ ಯರವ, ಜೇನುಕುರುಬ ಮಕ್ಕಳ ಮನೆಮಾತು ಕನ್ನಡವಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವ ಮನೆಗಳ ಮಕ್ಕಳಿಗೂ ಹಾಗೇ, ಆದರೆ ಅವರಲ್ಲಿ ಬಹಳ ಮನೆಗಳಲ್ಲಿ ಓದಿದವರಿದ್ದಾರೆ. ಕನ್ನಡ ಕಥೆಯನ್ನು ತಡವರಿಸಿ ಓದುವ ಮಗುವನ್ನು ‘ದಡ್ಡ’ ಎಂದು ಗುರುತು ಹಾಕುವ ಮೊದಲು, ಅದೇ ಲೆಕ್ಕವನ್ನು ಅದರ ಮಾತಿನಲ್ಲಿ ಕೇಳಿಸಿ ನೋಡಿ. ಜಿಲ್ಲೆಯ 82.21 ಎಂಬ ಸರಾಸರಿಯೊಳಗೆ ಈ ಮಕ್ಕಳು ಎಲ್ಲಿದ್ದಾರೆ ಎಂಬುದು ಕಾಣುವುದಿಲ್ಲ. ಕೊಡಗಿನ ಅಂಕಿಗಳಲ್ಲಿ ನನಗೆ ದೊಡ್ಡ ಕೊರತೆ ಅನ್ನಿಸುವುದು ಇದು, ರ‍್ಯಾಂಕ್ ಅಲ್ಲ.

ಇನ್ನು ಬ್ಯಾನರ್. 40 ಮಕ್ಕಳು, ಐದು ವರ್ಷ, ಒಟ್ಟು 200 ಮಕ್ಕಳಲ್ಲಿ ಒಬ್ಬರೂ ಫೇಲಿಲ್ಲ. ಪ್ರತಿ ಮಗುವಿಗೂ ಪಾಸಾಗುವ ಸಾಧ್ಯತೆ ಶೇ. 98 ಇದ್ದರೂ ಹೀಗಾಗುವುದು ನೂರರಲ್ಲಿ ಎರಡು ಸಲ ಮಾತ್ರ. ಆದ್ದರಿಂದ ಹತ್ತನೇ ತರಗತಿಗೆ ಬರುವ ಮೊದಲೇ ಸೋಸುವಿಕೆ ನಡೆದಿದೆಯೇ ಎಂದು ಕೇಳುವುದು ಅನುಮಾನ ಅಲ್ಲ, ಲೆಕ್ಕ. ಸೇರಿಸುವಾಗಲೇ ಪರೀಕ್ಷೆ ಮಾಡಿ ಆಯ್ದಿರಬಹುದು. ಒಂಬತ್ತರಲ್ಲಿ ಕುಂಟುವ ಮಗುವಿನ ಪೋಷಕರನ್ನು ಕರೆದು ಟಿ.ಸಿ. ತೆಗೆದುಕೊಳ್ಳಿ ಎಂದಿರಬಹುದು. ಶಾಲೆಯ ಹೆಸರಿನಲ್ಲಿ ಬರೆಸದೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿರಬಹುದು. ಇದ್ಯಾವುದೂ ಇಲ್ಲದೆ ಬಹಳ ಚೆನ್ನಾಗಿ ಕಲಿಸುವ ಶಾಲೆಯೂ ಆಗಿರಬಹುದು. ತಿಳಿಯಲು ಕೇಳಬೇಕಾದ ಪ್ರಶ್ನೆ ಒಂದೇ: 2025ರಲ್ಲಿ ಪರೀಕ್ಷೆ ಬರೆದ ತಂಡ ಎಂಟನೇ ತರಗತಿಯಲ್ಲಿದ್ದಾಗ, ಅಂದರೆ 2022-23ರಲ್ಲಿ, ಎಷ್ಟು ಮಕ್ಕಳಿದ್ದರು? 41 ಇದ್ದು 40 ಬರೆದಿದ್ದರೆ ಬ್ಯಾನರಿಗೆ ಬೆಲೆ ಇದೆ. 52 ಇದ್ದು 40 ಬರೆದಿದ್ದರೆ ಉಳಿದ 12 ಮಕ್ಕಳ ಪೈಕಿ ನಿಮ್ಮ ಮಗಳೂ ಒಬ್ಬಳಾಗಬಹುದು.

ಬಿಡಿಸಬೇಕೆ ಎಂಬುದಕ್ಕೆ ನನ್ನ ಅಭಿಪ್ರಾಯ: ಈ ಅಂಕಿಗಳ ಆಧಾರದ ಮೇಲೆ ಬೇಡ. ಪೇಟೆಯ ಶಾಲೆ ಇಂಗ್ಲಿಷ್ ಮಾಧ್ಯಮವಾದರೆ ಒಂಬತ್ತಕ್ಕೆ ಮಾಧ್ಯಮ ಬದಲಿಸುವುದು ಕಷ್ಟದ ಹೊತ್ತು. ವಿಜ್ಞಾನ, ಸಮಾಜದ ಪದಗಳನ್ನೆಲ್ಲ ಹೊಸದಾಗಿ ಕಲಿಯುವಷ್ಟರಲ್ಲಿ ಹತ್ತು ಬಂದಿರುತ್ತದೆ. ಇನ್ನೊಂದು ನಷ್ಟ ಬಹಳ ಪೋಷಕರಿಗೆ ತಿಳಿದಿರುವುದಿಲ್ಲ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಹೋಗುವಾಗ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದ್ದು ಶೇ. 5. ಎರಡಕ್ಕೂ 1ರಿಂದ 10ರವರೆಗೆ ಪೂರ್ತಿ ಹತ್ತು ವರ್ಷ ಹಾಗೇ ಓದಿರಬೇಕು. ಎಂಟು ವರ್ಷ ಓದಿ ಕೊನೆಯ ಎರಡು ವರ್ಷ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಎಂಟೂ ವ್ಯರ್ಥ.

ಉಳಿಸಿಕೊಳ್ಳುವುದರಲ್ಲೂ ಅಪಾಯ ಇಲ್ಲದಿಲ್ಲ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರೆಯೇ, ಮಳೆ ರಜೆಗೆ ಬದಲಾಗಿ ಶನಿವಾರ ಪೂರ್ತಿ ತರಗತಿ ನಿಜವಾಗಿ ನಡೆದಿದೆಯೇ ಎಂದು ಹಾಜರಿ ಪುಸ್ತಕದಲ್ಲೇ ನೋಡಿ. ಎರಡು ವಿಷಯಕ್ಕೆ ಶಿಕ್ಷಕರಿಲ್ಲ, ವರ್ಷವಿಡೀ ಬರುವ ಸೂಚನೆಯೂ ಇಲ್ಲ ಎಂದಾದರೆ ಆಗ ಬದಲಿಸುವ ಮಾತಿಗೆ ಅರ್ಥವಿದೆ. ಆಗಲೂ ಮೊದಲು ಹತ್ತಿರದ ಇನ್ನೊಂದು ಕನ್ನಡ ಮಾಧ್ಯಮದ ಹಳ್ಳಿ ಶಾಲೆ ನೋಡಿ. ಮಗಳಿಗೆ ಆಸಕ್ತಿ ಇದ್ದರೆ ಗಾಳಿಬೀಡಿನ ನವೋದಯಕ್ಕೆ ಒಂಬತ್ತನೇ ತರಗತಿಗೆ ಖಾಲಿ ಉಳಿದ ಸೀಟುಗಳ ಪ್ರವೇಶ ಪರೀಕ್ಷೆ ಇರುತ್ತದೆ, ಎಂಟನೆಯದರಲ್ಲಿರುವಾಗಲೇ ಬರೆಯಬೇಕು. ಸೀಟು ಬೆರಳೆಣಿಕೆಯಷ್ಟು, ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿನ ಮಾಧ್ಯಮವೂ ಬೇರೆ ಎಂಬುದನ್ನು ಮೇಲಿನ ಮೀಸಲಾತಿ ಲೆಕ್ಕದ ಜೊತೆ ತೂಗಿ ನೋಡಿ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ. 13ಕ್ಕೆ 9 ಎಂಬುದು ಪರೀಕ್ಷೆ-1ರ ಅಂಕಿ. ಉಳಿದ ನಾಲ್ವರು ಪರೀಕ್ಷೆ-2, ಪರೀಕ್ಷೆ-3 ಬರೆದರೇ? ಬರೆದು ಎಷ್ಟು ಮಂದಿ ಪಾಸಾದರು? ಈಗ ಪಿಯುಸಿಯಲ್ಲಿದ್ದಾರೋ, ತೋಟದ ಕೆಲಸಕ್ಕೆ ಹೋಗುತ್ತಿದ್ದಾರೋ? ನಿಮ್ಮ ಮುಂದಿನ ಸಭೆಯನ್ನು ಆ ನಾಲ್ಕು ಹೆಸರುಗಳಿಂದಲೇ ಶುರು ಮಾಡಿ.